ಮಿದುಳಿಗೊಂದು ಕಾಂತದ ಕಾವಲು: ಕಾಂತಕಣ ಚಿತ್ರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಟಿ, ಎಂಆರ್‌ಐ ಎಂಬ ಮಾತುಗಳು ಈಗ ಊರ ಅರಳಿಕಟ್ಟೆಯ ಮೇಲೂ ಕೇಳಿಬರುತ್ತವೆ. ಎಂಪಿಐ (ಮ್ಯಾಗ್ನೆಟಿಕ್ ಪಾರ್ಟಿಕಲ್ ಇಮೇಜಿಂಗ್), ಅಂದರೆ ಕಾಂತಕಣ ಚಿತ್ರಣ ಎಂಬ ಹೆಸರು ಮಾತ್ರ ಇನ್ನೂ ಯಾರ ಕಿವಿಗೂ ಬಿದ್ದಂತಿಲ್ಲ. ನಾನು ಇದರ ಬೆನ್ನು ಹತ್ತಿದ್ದಕ್ಕೆ ಕಾರಣ ನನ್ನ ತಂದೆ. ಅವರಿಗೆ ಲಕ್ವ ಹೊಡೆದು ಐಸಿಯುವಿನಲ್ಲಿದ್ದ ದಿನಗಳಲ್ಲಿ, ಒಳಗೆ ಮಿದುಳಿನಲ್ಲಿ ಈ ಕ್ಷಣ ಏನಾಗುತ್ತಿದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಗದೆ ಒದ್ದಾಡಿದ್ದೆ. ಆಮೇಲೆ ಓದಿ ತಿಳಿದದ್ದನ್ನು ನೆಂಟರಿಗೆ, ಗೆಳೆಯರಿಗೆ ಹೇಳುತ್ತ ಬಂದೆ. ಅವರು ತಿರುಗಿ ತಿರುಗಿ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಕಾಂತಕಣ ಚಿತ್ರಣ ಅಂದರೆ ಏನು?

ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು ರಕ್ತನಾಳಕ್ಕೆ ಚುಚ್ಚಿ, ಅವು ದೇಹದಲ್ಲಿ ಎಲ್ಲಿವೆ, ಎಷ್ಟಿವೆ ಎಂಬುದನ್ನು ಹೊರಗಿನಿಂದ ಕಾಂತಕ್ಷೇತ್ರದ ಮೂಲಕ ಅಳೆದು ಚಿತ್ರ ಬಿಡಿಸುವ ವಿಧಾನ. ಎಕ್ಸ್‌ರೇ ಇಲ್ಲ, ವಿಕಿರಣಶೀಲ ವಸ್ತುವೂ ಇಲ್ಲ.

ಕಣದ ತಿರುಳಿನ ಅಗಲ ಸುಮಾರು 25 ನ್ಯಾನೊಮೀಟರ್. ಒಂದು ಕೆಂಪು ರಕ್ತಕಣದ ಅಡ್ಡಳತೆಯಲ್ಲಿ ಇಂಥ ಮುನ್ನೂರು ಕಣಗಳನ್ನು ಸಾಲಾಗಿ ಜೋಡಿಸಬಹುದು. ಒಂದಕ್ಕೊಂದು ಅಂಟಿಕೊಳ್ಳದಿರಲೆಂದು ಮೇಲೆ ಡೆಕ್ಸ್‌ಟ್ರಾನ್‌ನಂಥ ಸಕ್ಕರೆ ಜಾತಿಯ ಹೊದಿಕೆ ಹಾಕಿರುತ್ತಾರೆ. ತಿರುಳಿನಲ್ಲಿರುವುದು ಬಹುಪಾಲು ಮ್ಯಾಗ್ನಟೈಟ್. ನಮಗೆ ಇದು ಅಪರಿಚಿತ ವಸ್ತುವೇನಲ್ಲ. ಕುದುರೆಮುಖದ ಗುಡ್ಡಗಳನ್ನು ಬಗೆದು ತೆಗೆಯುತ್ತಿದ್ದ ಅದಿರಿನಲ್ಲಿದ್ದದ್ದೂ ಇದೇ ಖನಿಜ.

ಇದನ್ನು ಕಂಡುಹಿಡಿದವರು ಯಾರು?

ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಫಿಲಿಪ್ಸ್ ಸಂಶೋಧನಾಲಯದ ಬರ್ನ್‌ಹಾರ್ಡ್ ಗ್ಲೈಶ್ ಮತ್ತು ಯೂರ್ಗನ್ ವೈಜೆನೆಕರ್. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಮೊದಲ ಚಿತ್ರಗಳನ್ನು ಪ್ರಕಟಿಸಿದರು. 2009ರಲ್ಲಿ ಜೀವಂತ ಇಲಿಯ ಬಡಿಯುವ ಹೃದಯವನ್ನೇ ಮೂರು ಆಯಾಮದಲ್ಲಿ, ಸೆಕೆಂಡಿಗೆ 46 ಚಿತ್ರಗಳಂತೆ ಹಿಡಿದು ತೋರಿಸಿದರು. ಈ ಕೆಲಸಕ್ಕೆ 2016ರಲ್ಲಿ ಅವರಿಗೆ ಯುರೋಪಿಯನ್ ಇನ್ವೆಂಟರ್ ಪ್ರಶಸ್ತಿ ಬಂತು. ಅಷ್ಟರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸ್ಟೀವನ್ ಕೊನೊಲಿ ಅವರ ತಂಡ ಇದೇ ತತ್ವದ ಮೇಲೆ ತನ್ನದೇ ದಾರಿಯ ಯಂತ್ರಗಳನ್ನು ಕಟ್ಟಿತ್ತು.

ಕಣ ಎಲ್ಲಿದೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ?

ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಎರಡು ಬಲವಾದ ಆಯಸ್ಕಾಂತಗಳನ್ನು ಎದುರುಬದುರಾಗಿ, ಒಂದೇ ಜಾತಿಯ ಧ್ರುವಗಳು ಮುಖಾಮುಖಿಯಾಗುವಂತೆ ಇಡಿ. ಎರಡರ ಬಲವೂ ಒಂದನ್ನೊಂದು ತಳ್ಳಿ, ನಟ್ಟನಡುವೆ ಒಂದು ಬಿಂದುವಿನಲ್ಲಿ ಕಾಂತಕ್ಷೇತ್ರ ಸೊನ್ನೆಯಾಗುತ್ತದೆ. ಆ ಬಿಂದುವಿನಿಂದ ಆಚೆ ಹೋದಷ್ಟೂ ಕ್ಷೇತ್ರ ಬಲಿಯುತ್ತ ಹೋಗುತ್ತದೆ.

ಈಗ ಜಾತ್ರೆಯ ದಿನ ಬೀದಿಯುದ್ದಕ್ಕೂ ಕಟ್ಟಿದ ಬಾವುಟಗಳನ್ನು ನೆನೆಯಿರಿ. ಗಾಳಿ ಜೋರಾಗಿ ಬೀಸುವ ಕಡೆ ಬಾವುಟಗಳೆಲ್ಲ ಒಂದೇ ದಿಕ್ಕಿಗೆ ಬಿಗಿಯಾಗಿ ಚಾಚಿಕೊಂಡಿರುತ್ತವೆ. ಅಲ್ಲಿ ನೀವು ಬೀಸಣಿಗೆ ಬೀಸಿದರೆ ಒಂದೂ ತಿರುಗದು. ಗಾಳಿಯೇ ಇಲ್ಲದ ಮೂಲೆಯಲ್ಲಿ ಜೋಲುಬಿದ್ದ ಬಾವುಟ ಮಾತ್ರ ಬೀಸಣಿಗೆ ಅತ್ತ ಆಡಿದರೆ ಅತ್ತ, ಇತ್ತ ಆಡಿದರೆ ಇತ್ತ ತಿರುಗುತ್ತದೆ. ಕಣಗಳ ಕಥೆಯೂ ಹೀಗೆಯೇ. ಬಲವಾದ ಕ್ಷೇತ್ರದಲ್ಲಿರುವ ಕಣಗಳ ಕಾಂತತೆ ಆಗಲೇ ಒಂದು ಕಡೆಗೆ ತಿರುಗಿ ಕಟ್ಟುಬಿದ್ದಿರುತ್ತದೆ. ಸೊನ್ನೆಬಿಂದುವಿನಲ್ಲಿರುವ ಕಣಗಳಿಗೆ ಮಾತ್ರ ತಿರುಗಾಡುವ ಸ್ವಾತಂತ್ರ್ಯ.

ಬೀಸಣಿಗೆಯ ಕೆಲಸ ಮಾಡುವುದು ಇನ್ನೊಂದು ಸುರುಳಿ. ಅದು ಸೆಕೆಂಡಿಗೆ ಸುಮಾರು 25,000 ಸಲ ದಿಕ್ಕು ಬದಲಿಸುವ ಕ್ಷೇತ್ರವನ್ನು ಹಾಯಿಸುತ್ತದೆ. ಆಗ ಸೊನ್ನೆಬಿಂದುವಿನ ಕಣಗಳು ಕುಣಿಯುತ್ತವೆ, ಪಕ್ಕದ ಗ್ರಾಹಕ ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ ಹುಟ್ಟುತ್ತದೆ. ತೊಡಕೆಂದರೆ, ಕುಣಿಸುವ ಸುರುಳಿಯ ಗದ್ದಲವೂ ಅದೇ 25,000ದ ಲಯದಲ್ಲೇ ಇರುತ್ತದೆ. ಆ ಗದ್ದಲದಲ್ಲಿ ಕಣದ ಪಿಸುಮಾತು ಕೇಳುವುದು ಹೇಗೆ? ಕಣದ ಪ್ರತಿಕ್ರಿಯೆ ನೇರಗೆರೆಯಲ್ಲಿ ಏರುವುದಿಲ್ಲ, ಒಂದು ಮಿತಿಗೆ ಬಂದು ಚಪ್ಪಟೆಯಾಗಿಬಿಡುತ್ತದೆ. ಈ ಸೊಟ್ಟತನದಿಂದಾಗಿ ಅದರ ದನಿಯಲ್ಲಿ ಮೂರು ಪಟ್ಟು, ಐದು ಪಟ್ಟು ವೇಗದ ಕಂಪನಗಳೂ ಸೇರಿಕೊಳ್ಳುತ್ತವೆ. ತಂಬೂರಿಯ ಒಂದೇ ತಂತಿ ಮೀಟಿದಾಗ ಮೂಲ ಶ್ರುತಿಯ ಜೊತೆಗೆ ಮೇಲಿನ ಸ್ವರಗಳೂ ಮಿಡಿಯುವ ಹಾಗೆ. ಮೂಲ ಲಯವನ್ನು ಸೋಸಿ ಎಸೆದು ಮೇಲಿನ ಸ್ವರಗಳನ್ನಷ್ಟೇ ಹಿಡಿದರೆ ಕೇಳುವುದು ಕಣದ ದನಿಯೊಂದೇ.

ಸೊನ್ನೆಬಿಂದುವನ್ನು ತಲೆಯೊಳಗೆಲ್ಲ ಸಾಲುಸಾಲಾಗಿ ಓಡಾಡಿಸುತ್ತಾರೆ. ಕೆಲವು ಯಂತ್ರಗಳಲ್ಲಿ ಬಿಂದುವಿನ ಬದಲು ಸೊನ್ನೆಗೆರೆಯೇ ಇರುತ್ತದೆ. ಎಲ್ಲಿ ದನಿ ಕೇಳಿತೋ ಅಲ್ಲಿ ಕಣ ಇದೆ. ದನಿ ಎಷ್ಟು ಜೋರೋ ಕಣಗಳೂ ಅಷ್ಟು.

ರಕ್ತದಲ್ಲೇ ಕಬ್ಬಿಣ ಇದೆಯಲ್ಲ, ಅದೂ ಕಾಣುವುದಿಲ್ಲವೇ?

ಕಾಣುವುದಿಲ್ಲ. ಹಿಮೋಗ್ಲೋಬಿನ್ನಿನ ಕಬ್ಬಿಣ ಒಂಟಿ ಪರಮಾಣುಗಳಾಗಿ ಚದುರಿದೆ. ಕ್ಷೇತ್ರಕ್ಕೆ ಅದು ತೀರ ಮೆಲ್ಲಗೆ, ನೇರಗೆರೆಯಲ್ಲೇ ಸ್ಪಂದಿಸುತ್ತದೆ. ಮೇಲಿನ ಸ್ವರಗಳು ಅದರಿಂದ ಹುಟ್ಟುವುದಿಲ್ಲ. ನ್ಯಾನೊಕಣದೊಳಗೆ ಲಕ್ಷಗಟ್ಟಲೆ ಕಬ್ಬಿಣದ ಪರಮಾಣುಗಳು ಒಟ್ಟಾಗಿ, ಒಂದೇ ಆಯಸ್ಕಾಂತದಂತೆ ತಿರುಗುತ್ತವೆ. ಎಂಆರ್‌ಐ ಹಿಡಿಯುವುದು ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಬೀಜದ ಕಾಂತತೆಯನ್ನು. 7 ಟೆಸ್ಲಾದಂಥ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಭಾರಿ ಯಂತ್ರದಲ್ಲೂ ಅದಕ್ಕೆ ಹೋಲಿಸಿದರೆ ಈ ಕಣಗಳ ಕಾಂತತೆ ಎರಡು ಕೋಟಿ ಪಟ್ಟಿನಷ್ಟು ದೊಡ್ಡದು.

1992ರಲ್ಲಿ ಕ್ಯಾಲಿಫೋರ್ನಿಯಾದ ಜೋಸೆಫ್ ಕಿರ್ಶ್‌ವಿಂಕ್ ಮತ್ತು ಸಂಗಡಿಗರು ಮನುಷ್ಯರ ಮಿದುಳಿನಲ್ಲೇ ಮ್ಯಾಗ್ನಟೈಟ್ ಹರಳುಗಳಿವೆಯೆಂದು ತೋರಿಸಿದ್ದರು. ಗ್ರಾಮಿಗೆ 50 ಲಕ್ಷದಷ್ಟು. ಎಣಿಕೆ ಕೇಳಿದರೆ ಗಾಬರಿಯಾಗುತ್ತದೆ, ತೂಕದಲ್ಲಿ ಮಾತ್ರ ಅದು ಗ್ರಾಮಿಗೆ ಕೆಲವು ನ್ಯಾನೊಗ್ರಾಂ. ಚಿತ್ರ ಕೆಡಿಸುವಷ್ಟಿಲ್ಲ.

ಎಂಆರ್‌ಐ, ಸಿಟಿ ಎರಡೂ ಇರುವಾಗ ಇನ್ನೊಂದು ಯಂತ್ರ ಏಕೆ?

ನನ್ನ ತಂದೆಯ ಹಾಸಿಗೆ ಮೂರನೇ ಮಹಡಿಯಲ್ಲಿತ್ತು, ಸಿಟಿ ಯಂತ್ರ ನೆಲಮಹಡಿಯಲ್ಲಿ. ಅವರ ಪ್ರಜ್ಞೆ ಸ್ವಲ್ಪ ಮಂಕಾಯಿತು ಅನಿಸಿದಾಗಲೆಲ್ಲ ಮತ್ತೆ ರಕ್ತಸ್ರಾವವಾಯಿತೇ ಎಂದು ನೋಡಬೇಕು. ಅದಕ್ಕೆ ಉಸಿರಾಟದ ಕೊಳವೆ, ಡ್ರಿಪ್, ಮಾನಿಟರ್ ಎಲ್ಲವನ್ನೂ ಸ್ಟ್ರೆಚರ್‌ಗೆ ಹೊಂದಿಸಿಕೊಂಡು, ಇಬ್ಬರು ನರ್ಸ್‌ಗಳು, ಒಬ್ಬರು ಡಾಕ್ಟರು ಲಿಫ್ಟಿನಲ್ಲಿ ಕೆಳಗಿಳಿಯಬೇಕು. ಎರಡು ದಿನದಲ್ಲಿ ನಾಲ್ಕು ಸಲ. ಪ್ರತಿ ಸಲವೂ ಚಿತ್ರ ಬಂದದ್ದು ಆಗಿಹೋದ ಸಂಗತಿಯದು. ಒಂದು ಸ್ಕ್ಯಾನಿಗೂ ಇನ್ನೊಂದಕ್ಕೂ ನಡುವಿನ ಹತ್ತು ಹನ್ನೆರಡು ಗಂಟೆ ಎಲ್ಲರೂ ಕತ್ತಲೆಯಲ್ಲಿ.

ಆ ಕತ್ತಲೆಗೆ ದೀಪ ಹಿಡಿಯುವ ಸಾಧ್ಯತೆ ಎಂಪಿಐಗೆ ಇದೆ ಎಂಬುದೇ ನಾನು ಇದನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಕಾರಣ. ಸಿಟಿಯನ್ನು ಗಂಟೆಗೊಮ್ಮೆ ಮಾಡಿದರೆ ವಿಕಿರಣ ಹೆಚ್ಚಾಗುತ್ತದೆ. ಎಂಆರ್‌ಐಗೆ ಸಾಮಾನ್ಯವಾಗಿ ಹೀಲಿಯಂನಿಂದ ತಣಿಸಿದ ಭಾರಿ ಆಯಸ್ಕಾಂತ ಬೇಕು, ಕವಚ ಹಾಕಿದ ಕೋಣೆ ಬೇಕು, ಕಬ್ಬಿಣದ ಸಿಲಿಂಡರ್ ಹತ್ತಿರ ಬರಕೂಡದು. ಹ್ಯಾಂಬರ್ಗ್‌ನ ಎಪ್ಪೆನ್‌ಡಾರ್ಫ್ ವಿಶ್ವವಿದ್ಯಾಲಯ ಆಸ್ಪತ್ರೆ ಮತ್ತು ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಟೋಬಿಯಸ್ ಕ್ನೋಪ್, ಮಥಿಯಾಸ್ ಗ್ರೇಸರ್ ಮತ್ತು ಸಂಗಡಿಗರು 2019ರಲ್ಲಿ ಮನುಷ್ಯನ ತಲೆ ಹಿಡಿಸುವ ಗಾತ್ರದ ಎಂಪಿಐ ಯಂತ್ರವನ್ನು ಪ್ರಕಟಿಸಿದಾಗ ಅವರ ಕಣ್ಣಿದ್ದದ್ದು ಐಸಿಯುವಿನ ಮೇಲೆ: ಕಡಿಮೆ ಬಲದ ಕ್ಷೇತ್ರ, ಸರಳ ಸಲಕರಣೆ, ರೋಗಿಯ ಹಾಸಿಗೆಯ ಬಳಿಯೇ ನಿಲ್ಲಿಸಿ ದಿನವಿಡೀ ಮಿದುಳಿನ ರಕ್ತ ಹರಿವಿನ ಮೇಲೆ ಕಣ್ಣಿಡುವುದು. ಆ ಪರೀಕ್ಷೆ ಮನುಷ್ಯರ ಮೇಲೆ ಅಲ್ಲ, ತಲೆಯ ಮಾದರಿಯೊಂದರ ಮೇಲೆ ನಡೆದದ್ದು. ರಕ್ತ ಹರಿಯದ ಭಾಗ ಎಲ್ಲಿದೆ ಎಂಬುದನ್ನು ಯಂತ್ರ ಗುರುತಿಸಿತು.

ಮಿದುಳಿನ ಅಂಗರಚನೆ ನೋಡಲು ಎಂಆರ್‌ಐಯನ್ನು ಇದು ಎಂದಿಗೂ ಮೀರಿಸದು. ಎಂಪಿಐಗೆ ಮೂಳೆ, ಮಾಂಸ, ಮಿದುಳು ಯಾವುದೂ ಕಾಣುವುದಿಲ್ಲ, ಕಣಗಳಷ್ಟೇ ಕಾಣುತ್ತವೆ. ಕತ್ತಲ ಹಿನ್ನೆಲೆಯಲ್ಲಿ ರಕ್ತದ ಹಾದಿ ಮಾತ್ರ ಬೆಳಗಿದ ಹಾಗೆ. ಆ ಹಾದಿ ಮಿದುಳಿನ ಯಾವ ಭಾಗದ್ದೆಂದು ತಿಳಿಯಲು ಮೊದಲೇ ತೆಗೆದ ಎಂಆರ್‌ಐ ಅಥವಾ ಸಿಟಿ ಚಿತ್ರದ ಮೇಲೆ ಇದನ್ನು ಕೂರಿಸಬೇಕು.

ಲಕ್ವ ಹೊಡೆದವರಲ್ಲಿ ಇದು ಏನನ್ನು ತೋರಿಸಬಲ್ಲದು?

ಮಿದುಳಿನ ತೂಕ ದೇಹದ ಶೇ. 2ರಷ್ಟು. ಹೃದಯ ಹೊರಹಾಕುವ ರಕ್ತದಲ್ಲಿ ಅದಕ್ಕೆ ಬೇಕಾದದ್ದು ಸುಮಾರು ಶೇ. 15. ನಿಮಿಷಕ್ಕೆ ಮುಕ್ಕಾಲು ಲೀಟರ್. ದೊಡ್ಡ ನಾಳವೊಂದು ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜು 2006ರಿಂದ ವೈದ್ಯರ ಬಾಯಲ್ಲಿದೆ. ಆದರೆ ಎಲ್ಲವೂ ಒಮ್ಮೆಲೇ ಸಾಯುವುದಿಲ್ಲ. ಸತ್ತ ತಿರುಳಿನ ಸುತ್ತ ಅರೆಜೀವದ ಒಂದು ಅಂಚು ಇರುತ್ತದೆ. ಹರಿವು ಮರಳಿದರೆ ಬದುಕುತ್ತದೆ, ಇಲ್ಲವಾದರೆ ಅದೂ ಹೋಗುತ್ತದೆ. ಚಿಕಿತ್ಸೆಯ ಹೋರಾಟವೆಲ್ಲ ಈ ಅಂಚಿಗಾಗಿ.

ಕಣಗಳ ಒಂದು ಸಣ್ಣ ಡೋಸನ್ನು ಚುಚ್ಚಿದಾಗ ಅದು ರಕ್ತದ ಜೊತೆ ಅಲೆಯಂತೆ ಮಿದುಳನ್ನು ಹಾದುಹೋಗುತ್ತದೆ. ಪ್ರತಿ ಭಾಗಕ್ಕೂ ಅಲೆ ಎಷ್ಟು ಹೊತ್ತಿಗೆ ತಲುಪಿತು, ಎಷ್ಟು ತಲುಪಿತು, ಎಷ್ಟು ಹೊತ್ತು ನಿಂತಿತು ಎಂದು ಅಳೆದರೆ ಹರಿವಿನ ನಕ್ಷೆ ಸಿಗುತ್ತದೆ. 2017ರಲ್ಲಿ ಹ್ಯಾಂಬರ್ಗ್‌ನ ತಂಡ ಲಕ್ವದ ಇಲಿಗಳಲ್ಲಿ ಇದನ್ನು ಮಾಡಿ ತೋರಿಸಿತು. ಹರಿವು ನಿಂತ ಭಾಗ ಕಪ್ಪಾಗಿ, ಉಳಿದದ್ದು ಬೆಳಗಿ ಕಂಡಿತು.

2020ರಲ್ಲಿ ಅದೇ ಊರಿನಿಂದ ಬಂದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅದು ಇಲಿಗಳಲ್ಲಿ ಮಿದುಳಿನೊಳಗಿನ ರಕ್ತಸ್ರಾವವನ್ನು ಕುರಿತದ್ದು. ನಾಳದಲ್ಲಿ ಹರಿಯುವ ಕಣದ ಕುಣಿತಕ್ಕೂ, ಹೆಪ್ಪುಗಟ್ಟಿದ ರಕ್ತದಲ್ಲಿ ಸಿಕ್ಕಿಬಿದ್ದ ಕಣದ ಕುಣಿತಕ್ಕೂ ವ್ಯತ್ಯಾಸವಿದೆ. ಸುತ್ತಲಿನ ದ್ರವ ಗಟ್ಟಿಯಾದಷ್ಟೂ ಕಣ ತಿರುಗಲು ಕಷ್ಟಪಡುತ್ತದೆ, ಅದರ ದನಿ ಬದಲಾಗುತ್ತದೆ. ಯಂತ್ರ ಆ ದನಿಗಳನ್ನು ಬೇರ್ಪಡಿಸಿದರೆ ಹರಿವು ಒಂದು ಬಣ್ಣದಲ್ಲಿ, ಸೋರಿ ನಿಂತ ರಕ್ತ ಇನ್ನೊಂದು ಬಣ್ಣದಲ್ಲಿ, ಒಂದೇ ಚಿತ್ರದಲ್ಲಿ ಕಾಣುತ್ತವೆ. ಹೆಪ್ಪು ಕರಗಿಸುವ ಔಷಧ ಕೊಟ್ಟ ಮೇಲೆ ಮನೆಯವರನ್ನೂ ವೈದ್ಯರನ್ನೂ ಕಾಡುವ ಹೆದರಿಕೆಗಳು ಎರಡು: ನಾಳ ಮತ್ತೆ ಕಟ್ಟಿತೇ, ಅಥವಾ ಒಡೆದು ಸೋರಿತೇ? ಎರಡಕ್ಕೂ ಒಂದೇ ಚಿತ್ರ ಉತ್ತರ ಹೇಳಬಲ್ಲದು.

ನಾವು ಯೋಚಿಸುವುದು ಇದರಲ್ಲಿ ಕಾಣುತ್ತದೆಯೇ?

ಯೋಚನೆ ಕಾಣುವುದಿಲ್ಲ. ಮಿದುಳಿನ ಯಾವ ಭಾಗ ದುಡಿಯುತ್ತಿದೆ ಎಂಬುದರ ಸುಳಿವು ಸಿಗಬಹುದು. ದುಡಿಯುವ ಭಾಗಕ್ಕೆ ಹೆಚ್ಚು ರಕ್ತ ಬರುತ್ತದೆ, ನಾಳಗಳು ಹಿಗ್ಗುತ್ತವೆ, ಅಲ್ಲಿನ ಕಣಗಳೂ ಹೆಚ್ಚುತ್ತವೆ.

1990ರಲ್ಲಿ ವಿಜ್ಞಾನಿ ಸೈಜಿ ಒಗಾವಾ ತೋರಿಸಿದ ತತ್ವದ ಮೇಲೆ ನಿಂತಿರುವ ಫಂಕ್ಷನಲ್ ಎಂಆರ್‌ಐ ಇದನ್ನೇ ಬೇರೆ ದಾರಿಯಲ್ಲಿ ಮಾಡುತ್ತದೆ. ಅದರಲ್ಲಿ ಬದಲಾವಣೆ ಒಟ್ಟು ಸಂಕೇತದ ಕೆಲವೇ ಶೇಕಡಾ, ಮಿಕ್ಕದ್ದೆಲ್ಲ ಅಂಗಾಂಶದ ಹಿನ್ನೆಲೆ. ಹಾಗಾಗಿ ಒಬ್ಬ ವ್ಯಕ್ತಿಯ ಒಂದು ಸಲದ ದಾಖಲೆಯಿಂದ ಖಚಿತವಾಗಿ ಹೇಳುವುದು ಕಷ್ಟ, ಹಲವು ಸಲದ ಸರಾಸರಿ ಬೇಕಾಗುತ್ತದೆ. ಎಂಪಿಐಯಲ್ಲಿ ಹಿನ್ನೆಲೆಯೇ ಇಲ್ಲ, ಸಂಕೇತವೆಲ್ಲ ರಕ್ತದ್ದೇ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಲಾರೆನ್ಸ್ ವಾಲ್ಡ್, ಕ್ಲಾರಿಸಾ ಕೂಲಿ ಮತ್ತು ಸಂಗಡಿಗರು ಈ ಆಸೆಯ ಬೆನ್ನು ಹತ್ತಿದ್ದಾರೆ. 2018ರಲ್ಲಿ ಇಲಿಗಳಿಗೆ ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿ ಉಸಿರಾಡಿಸಿ, ಮಿದುಳಿನ ನಾಳಗಳು ಹಿಗ್ಗಿದಾಗ ಕಣಗಳ ಸಂಕೇತ ಏರುವುದನ್ನೂ, ಗಾಳಿ ಸಹಜವಾದಾಗ ಇಳಿಯುವುದನ್ನೂ ಅಳೆದು ತೋರಿಸಿದರು. ಮನುಷ್ಯನ ಮಿದುಳಿಗೆ ಹೊಂದುವ ಯಂತ್ರದ ವಿನ್ಯಾಸವೂ ಅವರ ಕೈಯಲ್ಲಿದೆ.

ಕಣಗಳು ಮಿದುಳಿನೊಳಗೆ ಹೋಗಿ ಕೂತುಬಿಟ್ಟರೆ?

ಮಿದುಳಿನ ನಾಳಗಳ ಒಳಗೋಡೆಯ ಕೋಶಗಳು ಬೇರೆ ಅಂಗಗಳಲ್ಲಿರುವಂತೆ ಸಂದುಬಿಟ್ಟಿಲ್ಲ, ಒಂದಕ್ಕೊಂದು ಹೊಲಿದಂತೆ ಬಿಗಿಯಾಗಿವೆ. ರಕ್ತ-ಮಿದುಳು ತಡೆಗೋಡೆ ಎಂದು ಇದನ್ನು ಕರೆಯುತ್ತಾರೆ. ಕಣಗಳು ಅದನ್ನು ದಾಟಲಾರದೆ ನಾಳದಲ್ಲೇ ಉಳಿಯುತ್ತವೆ. ಔಷಧ ತಯಾರಿಸುವವರಿಗೆ ತಲೆನೋವಾಗಿರುವ ಈ ಗೋಡೆ ಇಲ್ಲಿ ಉಪಕಾರಿ: ಕಣ ಗೋಡೆಯಾಚೆ ಕಂಡರೆ ಅಲ್ಲೇನೋ ಒಡೆದಿದೆ ಎಂದೇ ಅರ್ಥ. ಬರ್ಕ್ಲಿಯ ತಂಡ 2017ರಲ್ಲಿ ತಲೆಗೆ ಪೆಟ್ಟಾದ ಇಲಿಗಳಲ್ಲಿ ಇಂಥ ಸೋರಿಕೆಯನ್ನು ಚಿತ್ರದಲ್ಲಿ ಹಿಡಿದಿದೆ.

ಕೊನೆಗೆ ಕಣಗಳು ಸೇರುವುದು ಯಕೃತ್ತು ಮತ್ತು ಗುಲ್ಮಕ್ಕೆ. ಅಲ್ಲಿನ ಭಕ್ಷಕ ಕೋಶಗಳು ಅವನ್ನು ನುಂಗಿ, ನಿಧಾನವಾಗಿ ಒಡೆದು, ಕಬ್ಬಿಣವನ್ನು ದೇಹದ ಸಂಗ್ರಹಕ್ಕೆ ಸೇರಿಸುತ್ತವೆ. ಅದೇ ಕಬ್ಬಿಣ ಮುಂದೆ ಹೊಸ ಕೆಂಪು ರಕ್ತಕಣಗಳಿಗೆ ಬಳಕೆಯಾಗುತ್ತದೆ. ಮೂತ್ರಪಿಂಡಕ್ಕೆ ಇದರ ಹೊರೆ ಇಲ್ಲ. ಸಿಟಿಗೆ ಬಳಸುವ ಅಯೋಡಿನ್ ದ್ರಾವಣ ಕಿಡ್ನಿ ತೊಂದರೆಯವರಿಗೆ ಆಗಿಬರುವುದಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ಅಂಥವರಿಗೆ ಇದು ದೊಡ್ಡ ಅನುಕೂಲ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ, ಮುಚ್ಚಿಡಬಾರದು. ಇದೇ ಜಾತಿಯ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ಇಂಜೆಕ್ಷನ್ ಅನ್ನು ಕಿಡ್ನಿ ರೋಗಿಗಳ ರಕ್ತಹೀನತೆಗೆ ಅಮೆರಿಕದ ಔಷಧ ನಿಯಂತ್ರಕರು 2009ರಲ್ಲಿ ಒಪ್ಪಿದರು. ಒಂದು ಡೋಸಿಗೆ 510 ಮಿಲಿಗ್ರಾಂ ಕಬ್ಬಿಣ. ಕೆಲವರಲ್ಲಿ ಜೀವಕ್ಕೇ ಎರವಾಗುವಂಥ ಅಲರ್ಜಿ ಕಂಡದ್ದರಿಂದ 2015ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಬೇಕಾಯಿತು. ಎಂಪಿಐಗೆ ಅಷ್ಟು ಕಬ್ಬಿಣ ಬೇಕಿಲ್ಲವಾದರೂ ಅಲರ್ಜಿ ಪ್ರಮಾಣ ನೋಡಿ ಬರುವುದಿಲ್ಲ. ದೇಹದಲ್ಲಿ ಸಹಜವಾಗಿರುವ ಕಬ್ಬಿಣ 3ರಿಂದ 4 ಗ್ರಾಂ, ದಿನಕ್ಕೆ ಹೊರಹೋಗುವುದು ಒಂದೆರಡು ಮಿಲಿಗ್ರಾಂ ಮಾತ್ರ. ಥಲಸ್ಸೇಮಿಯಾಕ್ಕಾಗಿ ಪದೇ ಪದೇ ರಕ್ತ ಪಡೆಯುವವರಂತೆ ಕಬ್ಬಿಣ ಆಗಲೇ ತುಂಬಿಕೊಂಡಿರುವವರಿಗೆ ಮತ್ತಷ್ಟು ಸೇರಿಸುವ ಮುನ್ನ ಯೋಚಿಸಲೇಬೇಕು.

ತಲೆಗೆ ಅಂಥ ಕ್ಷೇತ್ರ ಹಾಯಿಸಿದರೆ ನೋವಾಗುವುದಿಲ್ಲವೇ?

ವೇಗವಾಗಿ ಬದಲಾಗುವ ಕಾಂತಕ್ಷೇತ್ರ ದೇಹದಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮಿತಿ ಮೀರಿದರೆ ನರಗಳು ಜುಮ್ಮೆನ್ನುತ್ತವೆ, ಸ್ನಾಯು ಅದುರಬಹುದು. ಆ ಮಿತಿ ಎಲ್ಲಿದೆ ಎಂಬುದನ್ನು ಸ್ವಯಂಸೇವಕರ ಕೈಕಾಲುಗಳ ಮೇಲೆ ಅಳೆದಿದ್ದಾರೆ. ಹಾಯುವ ಭಾಗದ ಸುತ್ತಳತೆ ಕಡಿಮೆಯಾದಷ್ಟೂ ಮಿತಿ ಮೇಲೇರುತ್ತದೆ. ಎದೆಗಿಂತ ತಲೆ ಚಿಕ್ಕದು, ಹಾಗಾಗಿ ಮೊದಲ ಮಾನವ ಯಂತ್ರಗಳಿಗೆ ತಲೆಯನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಪೇಸ್‌ಮೇಕರ್ ಇದ್ದವರು? ತಲೆಯಲ್ಲಿ ಕ್ಲಿಪ್ ಹಾಕಿಸಿಕೊಂಡವರು?

ಎಂಆರ್‌ಐಗೆ ಇರುವಂಥ ಎಚ್ಚರಿಕೆಯೇ ಇಲ್ಲೂ ಬೇಕು. ಬದಲಾಗುವ ಕ್ಷೇತ್ರದಲ್ಲಿ ಲೋಹ ಬಿಸಿಯಾಗುತ್ತದೆ.

ಚಿತ್ರ ಎಷ್ಟು ಸ್ಪಷ್ಟ?

ಇಲಿಗಳ ಯಂತ್ರದಲ್ಲಿ ಸುಮಾರು ಒಂದು ಮಿಲಿಮೀಟರ್. ಮನುಷ್ಯನ ತಲೆಯ ಗಾತ್ರದಲ್ಲಿ ಇನ್ನೂ ಹಲವು ಮಿಲಿಮೀಟರ್. ಸೊನ್ನೆಬಿಂದುವಿನ ಸುತ್ತ ಕ್ಷೇತ್ರ ಎಷ್ಟು ಕಡಿದಾಗಿ ಏರುತ್ತದೋ ಚಿತ್ರ ಅಷ್ಟು ಚೊಕ್ಕ. ಇಲಿ ಹಿಡಿಸುವ ಕೊಳವೆಯಲ್ಲಿ ಮೀಟರಿಗೆ ಹಲವು ಟೆಸ್ಲಾದ ಏರು ಸಾಧ್ಯ, ತಲೆ ಹಿಡಿಸುವಷ್ಟು ಅಗಲ ಮಾಡಿದರೆ ಅಂಥ ಏರಿಗೆ ಭಾರಿ ವಿದ್ಯುತ್ ಬೇಕು.

ಇನ್ನೊಂದು ದಾರಿ ಕಣವನ್ನೇ ಸುಧಾರಿಸುವುದು. ಲೆಕ್ಕದ ಪ್ರಕಾರ ತಿರುಳಿನ ಅಗಲ ಎರಡು ಪಟ್ಟಾದರೆ ಸ್ಪಷ್ಟತೆ ಎಂಟು ಪಟ್ಟಾಗಬೇಕು. ಆದರೆ 25 ನ್ಯಾನೊಮೀಟರ್ ದಾಟುತ್ತಿದ್ದಂತೆ ಕಣ ಜಡವಾಗಿ, 25,000ದ ಲಯಕ್ಕೆ ಹೆಜ್ಜೆ ಹಾಕಲಾರದೆ ಹಿಂದೆ ಬೀಳುತ್ತದೆ. ಆರಂಭದ ಪ್ರಯೋಗಗಳಲ್ಲಿ ಬಳಸಿದ ರೆಸೊವಿಸ್ಟ್ ಯಕೃತ್ತಿನ ಎಂಆರ್‌ಐಗೆಂದು ತಯಾರಾಗಿದ್ದದ್ದು. ಅದರಲ್ಲಿ ಕೆಲಸಕ್ಕೆ ಬರುವ ಕಣಗಳ ಪಾಲು ಕಡಿಮೆ, ರಕ್ತದಿಂದ ಬೇಗ ಮಾಯವೂ ಆಗುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಣ್ಣನ್ ಕೃಷ್ಣನ್ ಅವರ ಬಳಗ ಎಂಪಿಐಗೆಂದೇ ಒಂದೇ ಅಳತೆಯ, ರಕ್ತದಲ್ಲಿ ಗಂಟೆಗಟ್ಟಲೆ ಉಳಿಯುವ ಕಣಗಳನ್ನು ರೂಪಿಸಿತು. ದಿನವಿಡೀ ಕಾವಲಿರಬೇಕಾದರೆ ಇಂಥವೇ ಬೇಕು. ಯಂತ್ರಕ್ಕಿಂತ ಕಣವೇ ಈ ಕ್ಷೇತ್ರದ ಭವಿಷ್ಯವನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ನನ್ನ ನಂಬಿಕೆ.

ರಕ್ತದ ಹರಿವು ಬಿಟ್ಟು ಬೇರೆ ಏನನ್ನಾದರೂ ಹಿಂಬಾಲಿಸಬಹುದೇ?

ಕೋಶಗಳನ್ನು. ಚುಚ್ಚುವ ಮೊದಲೇ ಕೋಶದೊಳಗೆ ಕಣಗಳನ್ನು ತುಂಬಿಸಿದರೆ ಅದು ಎಲ್ಲಿಗೆ ಹೋದರೂ ಗುರುತು ಸಿಗುತ್ತದೆ. ಬರ್ಕ್ಲಿಯ ತಂಡ 2015ರಲ್ಲಿ ಮಾನವ ಕಾಂಡಕೋಶಗಳಿಂದ ಬೆಳೆಸಿದ ನರಕೋಶಗಳನ್ನು ಇಲಿಗಳ ಮಿದುಳಿಗೆ ಸೇರಿಸಿ 87 ದಿನ ಹಿಂಬಾಲಿಸಿತ್ತು. ಪೆಟ್ ಸ್ಕ್ಯಾನಿಗೆ ಬಳಸುವ ವಿಕಿರಣಶೀಲ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ಅಷ್ಟು ದಿನದ ಪಹರೆ ಅದರಿಂದಾಗದು.

ಬೆಂಗಳೂರಿನಲ್ಲಿ ಇದನ್ನು ಮಾಡಿಸಬಹುದಾ? ಎಷ್ಟಾಗುತ್ತೆ?

ಮಾಡಿಸಲಾಗದು. ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಮಿದುಳಿನ ದಿನನಿತ್ಯದ ತಪಾಸಣೆಯಾಗಿ ಇದು ಇನ್ನೂ ಬಂದಿಲ್ಲ. ಮಾರಾಟಕ್ಕಿರುವ ಯಂತ್ರಗಳು ಇಲಿಗಳಂಥ ಸಣ್ಣ ಪ್ರಾಣಿಗಳಿಗೆ. ಈ ಹೆಸರು ಹೇಳಿ ಯಾರಾದರೂ ನಿಮ್ಮಿಂದ ಹಣ ಕೇಳಿದರೆ ಕೊಡಬೇಡಿ.

ಹಾಗಾದರೆ ಸದ್ಯ ಮನೆಯಲ್ಲಿ ಯಾರಿಗಾದರೂ ಲಕ್ವದ ಲಕ್ಷಣ ಕಂಡರೆ ಏನು ಮಾಡಬೇಕು?

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಚಿಕ್ಕಮ್ಮ ಕೇಳಿದ ಪ್ರಶ್ನೆ ಇದು. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಕೈ ಜಾರಿ ಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ. ನಿದ್ದೆಯಿಂದ ಏಳುವಾಗಲೇ ಹಾಗಿದ್ದರೆ, ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕೀತು. ಎಣ್ಣೆ ತಿಕ್ಕುತ್ತ, ನಾಟಿ ಔಷಧಕ್ಕೆ ಅಲೆಯುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಗಡುವು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಆಸ್ಪತ್ರೆ ತಲುಪಿ ಸ್ಕ್ಯಾನ್ ಮುಗಿಯುವ ಹೊತ್ತೂ ಅದರೊಳಗೇ ಸೇರಿದೆ.